ಪರಮಾನ್ನವೂ ಪಂಕ್ತಿಯ ಅನ್ನವೂ

‘ಸೂಪರ್‌ಫುಡ್’ ಎಂಬ ಮಾತು ಈಚೆಗೆ ಪತ್ರಿಕೆಗಳಲ್ಲಿಯೂ ಅಂಗಡಿಯ ಫಲಕಗಳಲ್ಲಿಯೂ ಹೇರಳವಾಗಿ ಬಳಕೆಯಾಗುತ್ತಿದೆ. ಇದನ್ನು ಪದಶಃ ಪರಿವರ್ತಿಸಿದರೆ ‘ಪರಮಾನ್ನ’ವೆಂದಾಗುತ್ತದೆ, ಆದರೆ ಹಿರಿಯರು ಆ ಹೆಸರನ್ನು ಹಾಲು, ಅಕ್ಕಿ, ಬೆಲ್ಲಗಳಿಂದಾದ ಪಾಯಸಕ್ಕೆ ಎಂದೋ ಇಟ್ಟುಬಿಟ್ಟಿದ್ದಾರೆ. ‘ಅತ್ಯಾಹಾರ’ವೆನ್ನೋಣವೆಂದರೆ ಅದು ಹೊಟ್ಟೆ ಬಿರಿಯುವಂತೆ ಉಣ್ಣುವುದೆಂಬ ಅರ್ಥದಲ್ಲಿ ಯೋಗಶಾಸ್ತ್ರದಲ್ಲಿ ನಿಷಿದ್ಧವಾಗಿದೆ. ಅನುವಾದಕ್ಕೆ ಸಿಕ್ಕದ ಈ ಶಬ್ದಕ್ಕೆ ಮೂಲದಲ್ಲಿಯೂ ನಿಶ್ಚಿತಾರ್ಥವಿಲ್ಲ. ಪೋಷಣಶಾಸ್ತ್ರವು ಇದಕ್ಕೊಂದು ಲಕ್ಷಣವನ್ನು ಹೇಳಿಲ್ಲ. ಇದು ವ್ಯಾಪಾರವು ಹುಟ್ಟಿಸಿದ ವಿಶೇಷಣ. ‘ಆರೋಗ್ಯಪೇಯ’ವೆಂಬ ಮಾತಿನ ಗತಿಯೂ ಇದೇ. ಆ ಹೆಸರಿಗೆ ಆಹಾರ ಸುರಕ್ಷತಾ ಕಾಯಿದೆಯಲ್ಲಿ ವ್ಯಾಖ್ಯೆಯೇ ಇಲ್ಲವೆಂದು ಕೇಂದ್ರ ವಾಣಿಜ್ಯ ಸಚಿವಾಲಯವು 2024ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿ, ಹಾಲಿಗೆ ಬೆರೆಸುವ ಪುಡಿಗಳನ್ನು ಆ ವರ್ಗದಿಂದ ತೆಗೆಯುವಂತೆ ಅಂತರ್ಜಾಲದ ಮಾರಾಟಗಾರರಿಗೆ ಸೂಚಿಸಿತು.

ಒಂದೇ ಪದಾರ್ಥಕ್ಕೆ ಸಕಲ ಗುಣಗಳನ್ನೂ ಆರೋಪಿಸುವುದರಿಂದ ಹಣ ಪೋಲಾಗುವುದಷ್ಟೇ ಕೇಡೆಂದು ತಿಳಿಯಬಾರದು. ಅದಕ್ಕಿಂತ ದೊಡ್ಡ ಕೇಡು, ನಿಜವಾದ ಕಾರಣವು ಕಣ್ಣಿಗೆ ಮರೆಯಾಗುವುದು. ಇದಕ್ಕೆ ಬಾಳೆಹಣ್ಣಿನ ವೃತ್ತಾಂತವೊಂದು ಸಾಕ್ಷಿ. ಉಂಡದ್ದು ಮೈಗೆ ಹತ್ತದೆ ಮಕ್ಕಳು ಸೊರಗಿಹೋಗುವ ‘ಸೀಲಿಯಾಕ್’ ಎಂಬ ವ್ಯಾಧಿಗೆ ನ್ಯೂಯಾರ್ಕಿನ ವೈದ್ಯ ಸಿಡ್ನಿ ಹಾಸ್ 1924ರಲ್ಲಿ ಒಂದು ಪಥ್ಯವನ್ನು ಪ್ರಕಟಿಸಿದನು. ಬಾಳೆಹಣ್ಣು ಯಥೇಚ್ಛ, ರೊಟ್ಟಿ, ಬಿಸ್ಕತ್ತು, ಧಾನ್ಯಗಳು ವರ್ಜ್ಯ. ಮಕ್ಕಳು ಚೇತರಿಸಿಕೊಂಡರು, ಕೀರ್ತಿಯೆಲ್ಲ ಬಾಳೆಹಣ್ಣಿಗೆ ಸಂದಿತು. ಹಣ್ಣನ್ನು ಹಡಗಿನಲ್ಲಿ ತಂದು ಮಾರುತ್ತಿದ್ದ ಕಂಪನಿಗಳಿಗೆ ಇದಕ್ಕಿಂತ ಸುದೈವವುಂಟೆ! ಆದರೆ ಡಚ್ಚರ ನಾಡಿನ ಮಕ್ಕಳ ವೈದ್ಯ ವಿಲ್ಲೆಂ ಡಿಕೆ ಬೇರೊಂದು ದಾರಿಯಲ್ಲಿ ನಡೆದನು. ಗೋಧಿಯನ್ನು ಬಿಟ್ಟ ಮಕ್ಕಳು ಗುಣವಾಗುವುದನ್ನು ಅವನು ಕಂಡಿದ್ದನು. 1944-45ರ ಚಳಿಗಾಲದಲ್ಲಿ ಆ ನಾಡಿಗೆ ಕ್ಷಾಮ ಬಂದು ರೊಟ್ಟಿಯೇ ದೊರೆಯದಂತಾದಾಗ ಈ ರೋಗದ ಮಕ್ಕಳ ಸ್ಥಿತಿ ಸುಧಾರಿಸಿ, ರೊಟ್ಟಿ ಬಂದೊಡನೆ ಮತ್ತೆ ಕೆಟ್ಟಿತು. 1950ರ ತನ್ನ ಪ್ರಬಂಧದಲ್ಲಿ ಅವನು ಗೋಧಿಯೇ ಕಾರಣವೆಂದು ಸಿದ್ಧಪಡಿಸಿದನು. ಗುಣವು ತಿಂದ ಹಣ್ಣಿನದಲ್ಲ, ಬಿಟ್ಟ ಧಾನ್ಯದ್ದು! ‘ವಾಸಿಯಾಯಿತು’ ಎಂದು ನಂಬಿ ಗೋಧಿಗೆ ಮರಳಿದ ಮಕ್ಕಳ ಕರುಳಿಗೆ ಅಷ್ಟು ವರ್ಷ ಒಳಗೊಳಗೇ ಹಾನಿಯಾಗುತ್ತಿತ್ತೆಂಬುದು ಇದರ ದಾರುಣ ಭಾಗ.

ಈಗ ಆ ಪೀಠಕ್ಕೆ ಬೇರೆ ಬೇರೆ ಧಾನ್ಯಗಳು ಏರುತ್ತಿವೆ. ವಿಶ್ವಸಂಸ್ಥೆಯು 2013ನ್ನು ಕಿನೋವಾ ವರ್ಷವೆಂದೂ 2023ನ್ನು ಸಿರಿಧಾನ್ಯಗಳ ವರ್ಷವೆಂದೂ ಆಚರಿಸಿತು. ಕಿನೋವಾ ಎಂಬುದು ಆಂಡೀಸ್ ಪರ್ವತದ ಬಡ ರೈತರ ರಾಗಿ ಎನ್ನಬಹುದು. ಹೊರನಾಡಿನವರ ಬೇಡಿಕೆಯಿಂದ ಅದರ ಬೆಲೆ ಗಗನಕ್ಕೇರಿ, ಅನಂತರ ಕುಸಿಯಿತು. ನಮ್ಮ ರಾಗಿಯಾದರೂ ಪೂರ್ವ ಆಫ್ರಿಕಾದ ಎತ್ತರದ ನಾಡಿನಿಂದ ಸಹಸ್ರಾರು ವರ್ಷಗಳ ಹಿಂದೆ ಬಂದ ಅತಿಥಿಯೇ ಸರಿ. ಮಂಡ್ಯದಲ್ಲಿ ‘ಇಂಡಾಫ್’ ತಳಿಗಳನ್ನು ಸಾಧಿಸಿದ ರಾಗಿ ಲಕ್ಷ್ಮಣಯ್ಯನವರು ಆ ಹಳೆಯ ನೆಂಟಸ್ತಿಕೆಯನ್ನೇ ಹೊಸದು ಮಾಡಿದರು.

ರಾಗಿಯ ಗುಣವು ಸುಳ್ಳಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಸುಣ್ಣಾಂಶವಿದ್ದರೆ ಬಿಳಿಯ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ. ರಾಗಿಯ ಸಿಪ್ಪೆ ತಿರುಳಿಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಅಕ್ಕಿಯಂತೆ ಅದನ್ನು ಸುಲಭವಾಗಿ ಪಾಲಿಶ್ ಮಾಡಲಾಗದು. ಬಡವನ ಮುದ್ದೆಗೆ ತವುಡು ಸಹಿತವಾದ ಹಿಟ್ಟು ಬಂದದ್ದು ಹೀಗೆ. ಆದರೆ ಅದೇ ಕೋಷ್ಟಕದಲ್ಲಿ ಸಸಾರಜನಕವು ಅಕ್ಕಿಗಿಂತ ರಾಗಿಯಲ್ಲಿಯೇ ತುಸು ಕಡಿಮೆ. ತೂಕದಲ್ಲಿ ಮೂರರಲ್ಲಿ ಎರಡು ಪಾಲು ಪಿಷ್ಟವೇ ಇರುವ ಈ ಧಾನ್ಯವನ್ನು ಸಕ್ಕರೆ ಕಾಯಿಲೆಯವರು ಎಷ್ಟು ಉಂಡರೂ ಬಾಧಕವಿಲ್ಲವೆಂಬ ಮಾತು ಅಪಾಯಕರ. ಅಲ್ಲದೆ ಅದರಲ್ಲಿನ ಫೈಟೇಟ್ ಎಂಬ ಅಂಶವು ಸುಣ್ಣವನ್ನೂ ಕಬ್ಬಿಣವನ್ನೂ ಪೂರ್ಣವಾಗಿ ಮೈಗೂಡಗೊಡದು. ಮೊಳಕೆ ಕಟ್ಟಿದರೆ ಆ ತಡೆ ಕಡಿಮೆಯಾಗುತ್ತದೆ. ರಾಗಿಯಲ್ಲಿ ಕೊರತೆಯಾದ ಲೈಸಿನ್ ಕಾಳುಗಳಲ್ಲಿದೆ, ಕಾಳುಗಳಲ್ಲಿ ಕೊರತೆಯಾದ ಮೆಥಿಯೊನಿನ್ ರಾಗಿಯಲ್ಲಿದೆ. ಮುದ್ದೆಯೊಡನೆ ಹುರುಳಿಯ ಸಾರು, ಸೊಪ್ಪಿನ ಬಸ್ಸಾರು, ಒಂದು ಹೋಳು ನಿಂಬೆ. ಉತ್ತರದಲ್ಲಿ ಜೋಳದ ರೊಟ್ಟಿಯೊಡನೆ ಕಾಳಿನ ಪಲ್ಯ, ಗುರೆಳ್ಳಿನ ಚಟ್ನಿ: ಈ ಜೋಡಣೆಯನ್ನು ಯಾವ ಪ್ರಯೋಗಶಾಲೆಯೂ ಹೇಳಿಕೊಟ್ಟುದಲ್ಲ. ಮೈದಾ ಸಕ್ಕರೆಗಳ ನಡುವೆ ಹಿಡಿ ಹಿಟ್ಟನ್ನು ಸೇರಿಸಿ ‘ಸಿರಿಧಾನ್ಯದ ಬಿಸ್ಕತ್ತು’ ಎಂದು ಮಾರುವಲ್ಲಿ ಉಳಿಯುವುದು ಹೆಸರು ಮಾತ್ರ.

ಕನಕದಾಸರ ‘ರಾಮಧಾನ್ಯ ಚರಿತ್ರೆ’ಯನ್ನು ಇಂದು ರಾಗಿಯ ಜಾಹೀರಾತಿನಂತೆ ಉಲ್ಲೇಖಿಸುವವರುಂಟು. ಕಾವ್ಯವನ್ನು ಓದಿದವರು ಹಾಗೆನ್ನಲಾರರು. ಅಲ್ಲಿ ನರೆದಲೆಗನು ವ್ರೀಹಿಯನ್ನು ಗೆಲ್ಲುವುದು ರೋಗನಿವಾರಣೆಯ ಶಕ್ತಿಯಿಂದಲ್ಲ. ಆರು ತಿಂಗಳು ಸೆರೆಯಲ್ಲಿದ್ದೂ ಕೆಡದೆ ಉಳಿದದ್ದು, ಬರಗಾಲದಲ್ಲಿ ಬಡವರನ್ನು ಬಿಡದೆ ಸಲಹಿದ್ದು, ಇವೇ ಅವನ ಹಿರಿಮೆ. ಹಗೇವಿನಲ್ಲಿ ವರ್ಷಾನುವರ್ಷ ಬಾಳುವ ಧಾನ್ಯವನ್ನು ಕಂಡ ಕವಿಯ ಮಾತದು. ವೈದ್ಯಶಾಸ್ತ್ರವೂ ಇಲ್ಲಿ ಎಚ್ಚರಿಕೆಯಿಂದಲೇ ಮಾತನಾಡಿದೆ. ಚರಕಸಂಹಿತೆಯ ವಿಮಾನಸ್ಥಾನದ ಮೊದಲ ಅಧ್ಯಾಯವು ಆಹಾರದ ಹಿತಾಹಿತಗಳನ್ನು ಎಂಟು ಬಗೆಯಿಂದ ವಿಚಾರಿಸಬೇಕೆನ್ನುತ್ತದೆ. ಪದಾರ್ಥದ ಸ್ವಭಾವವು ಅವುಗಳಲ್ಲಿ ಒಂದು ಮಾತ್ರ. ಸಂಸ್ಕಾರ, ಸಂಯೋಗ, ಪ್ರಮಾಣ, ದೇಶ, ಕಾಲ, ಉಣ್ಣುವ ಕ್ರಮ, ಕೊನೆಗೆ ಉಣ್ಣುವವನು. ಜಾಹೀರಾತು ಮೊದಲನೆಯದನ್ನು ಹಿಡಿದು ಉಳಿದ ಏಳನ್ನು ಕೈಬಿಡುತ್ತದೆ.

ಈ ವಿಚಾರವು ಮಠಗಳ ವಿದ್ಯಾರ್ಥಿನಿಲಯಗಳಿಗೆ ಹೊರಗಿನದಲ್ಲ. ದಾಸೋಹದ ಪಂಕ್ತಿಯಲ್ಲಿ ಪ್ರಸಾದವೆಂಬುದು ಎಲ್ಲರ ಎಲೆಗೂ ಒಂದೇ. ಅದರಲ್ಲಿ ‘ಸೂಪರ್’ ಎಂಬ ಭೇದಕ್ಕೆ ಎಡೆಯಿಲ್ಲ. ಭಕ್ತಿಯಿಂದಲೇ ಆದರೂ ದಾನಿಗಳು ಬಣ್ಣದ ಡಬ್ಬಿಯ ಪುಡಿಗಳನ್ನು ಕೊಡಮುಂದಾದಾಗ, ಅದೇ ಹಣದಲ್ಲಿ ಎಷ್ಟು ಮೂಟೆ ಹುರುಳಿ, ಅವರೆ, ತೊಗರಿ ಬರುತ್ತಿತ್ತೆಂದು ಲೆಕ್ಕ ಹಾಕಿ ತಿಳಿಸುವುದು ಉಪಾಧ್ಯಾಯರ ಕರ್ತವ್ಯ. ರಾಗಿಯೂ ಅಕ್ಕಿಯೂ ಸುಗ್ಗಿಯಲ್ಲಿ ಭಕ್ತರ ಗಾಡಿಗಳಲ್ಲಿ ಬರುತ್ತವೆ, ಬಾರದಿರುವುದು ಸೊಪ್ಪು. ಅದನ್ನು ಕೂಡಿಡಲಾಗದು. 100 ಗ್ರಾಂ ನುಗ್ಗೆಸೊಪ್ಪಿನಲ್ಲಿ 300 ಮಿಲಿಗ್ರಾಂಗೂ ಮಿಕ್ಕಿ ಸುಣ್ಣಾಂಶವಿದೆ. ಹುಡುಗರು ಎಲೆಯ ಅಂಚಿಗೆ ಸರಿಸುವ ಕರಿಬೇವಿನಲ್ಲಿ ಅದರ ಸುಮಾರು ಎರಡರಷ್ಟಿದೆ. ನಿಲಯದ ಬಚ್ಚಲು ನೀರು ಹರಿದುಹೋಗುವ ಕಡೆ ಹತ್ತು ನುಗ್ಗೆ, ನಾಲ್ಕು ಕರಿಬೇವು ನೆಡಿಸಲು ಮುಂಗಾರಿನ ಮೊದಲ ಮಳೆಯೇ ತಕ್ಕ ಕಾಲ. ನುಗ್ಗೆಗೆ ಸಸಿಯೂ ಬೇಕಾಗಿಲ್ಲ, ಬಲಿತ ಕೊಂಬೆಯನ್ನು ನೆಟ್ಟರೂ ಚಿಗುರುತ್ತದೆ.