ಬೆಂಕಿ ಅಲಾರಂ ಯಾರಿಗೆ ಫೋನ್ ಮಾಡುತ್ತೆ?

ಮಕ್ಕಳೇ, ನಮ್ಮ ಚಿಂಬಲ್‌ನಲ್ಲೇ ಒಂದು ಎರಡಂತಸ್ತಿನ ಕಟ್ಟಡ ಇದೆ ಅಂದುಕೊಳ್ಳಿ. ಕೆಳಗೆ ಅಂಗಡಿ, ಮೇಲೆ ಟ್ಯೂಷನ್ ಕ್ಲಾಸು. ಹೊಗೆ ಕಂಡರೆ ಕೂಗುವ ಅಲಾರಂ ಹಾಕಿಸಿದ್ದಾರೆ. ರಾತ್ರಿ ಎರಡು ಗಂಟೆಗೆ ಅದು ಕೂಗಿದರೆ ಕೇಳೋರು ಯಾರು? ಅದಕ್ಕೇ ಅಲಾರಂ ಪೆಟ್ಟಿಗೆಯಿಂದ ಹೊರಗೆ, ಮಾಲೀಕರ ಫೋನಿಗೋ ಹಗಲೂ ರಾತ್ರಿ ಜನ ಇರುವ ಕಂಟ್ರೋಲ್ ರೂಮಿಗೋ, ಒಂದು ಸಂಪರ್ಕ ಬೇಕು.

ಹೊಗೆ ಕಾಯುವುದಿಲ್ಲ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು 9 ಜನ ತೀರಿಕೊಂಡರು. ಅದು ಹಗಲು ಹೊತ್ತು, ಕಟ್ಟಡದ ತುಂಬ ಜನ. ಆದರೂ ಮೇಲಿನ ಮಹಡಿಗಳಲ್ಲಿ ತುಂಬಿದ ಹೊಗೆಯಲ್ಲಿ ಅವರು ಸಿಕ್ಕಿಕೊಂಡರು.

ಮೊದಲು ಕಟ್ಟಡದ ಒಳಗಿನ ತಂತಿ ನೋಡೋಣ. ಪೆಟ್ಟಿಗೆಯಿಂದ ಹೊರಟ ಜೋಡಿ ತಂತಿಗೆ ಹೊಗೆ ಡಿಟೆಕ್ಟರ್‌ಗಳು ಸಮಾಂತರವಾಗಿ ಜೋಡಣೆಯಾಗಿರುತ್ತವೆ. ತಂತಿಯ ಕಟ್ಟಕಡೆಗೆ ಒಂದು ರೋಧಕ. 24 ವೋಲ್ಟ್, 4700 ಓಮ್ ಎಂದು ಹಿಡಿಯಿರಿ. ಓಮ್ ನಿಯಮದಂತೆ ಸುಮಾರು 5 ಮಿಲಿಆಂಪಿಯರ್ ಪ್ರವಾಹ ಸದಾ ಹರಿಯುತ್ತಿರುತ್ತದೆ. ಹೊಗೆ ಬಂದಾಗ ಡಿಟೆಕ್ಟರ್ 470 ಓಮ್‌ನ ಇನ್ನೊಂದು ದಾರಿ ತೆರೆಯಿತು ಅನ್ನಿ, ಪ್ರವಾಹ ಸುಮಾರು 56ಕ್ಕೆ ಏರುತ್ತದೆ: ಬೆಂಕಿ! ಇಲಿ ತಂತಿ ಕಡಿದರೆ? ಪ್ರವಾಹ ಸೊನ್ನೆ. ಆಗ ಪೆಟ್ಟಿಗೆ ‘ದೋಷ’ ಅಂತ ಬೇರೆಯೇ ದೀಪ ಹಚ್ಚುತ್ತದೆ. ಅಂದರೆ ತಂತಿ ಸತ್ತಿದ್ದೂ ಗೊತ್ತಾಗುತ್ತೆ. ಎಷ್ಟು ಸರಳ ಉಪಾಯ ನೋಡಿ!

ಹೊರಗಿನ ಸಂಪರ್ಕಕ್ಕೂ ಇದೇ ಪರೀಕ್ಷೆ ಇಡಿ: ಅದು ಕೆಟ್ಟರೆ ಗೊತ್ತಾಗುತ್ತಾ?

ಹಳೆಯ ತಾಮ್ರದ ಲ್ಯಾಂಡ್‌ಲೈನಿಗೆ ಟೆಲಿಫೋನ್ ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ 48 ವೋಲ್ಟ್ ಬರುತ್ತಿತ್ತು. ಮನೆಯ ಕರೆಂಟು ಹೋದರೂ ಅದು ನಡೀತಿತ್ತು. ಈಗ ಫೈಬರ್ ಬಂದಿದೆ. ಗಾಜಿನ ಎಳೆಯಲ್ಲಿ ಬೆಳಕು ಹೋಗುತ್ತದೆಯೇ ಹೊರತು ರೌಟರ್ ನಡೆಸುವಷ್ಟು ವಿದ್ಯುತ್ ಬರುವುದಿಲ್ಲ. ಶಾರ್ಟ್ ಸರ್ಕ್ಯೂಟ್ ಆದರೆ ಮೊದಲು ಹೋಗೋದು ಕರೆಂಟೇ! ಅಲಾರಂ ಪೆಟ್ಟಿಗೆಗೆ ಬ್ಯಾಟರಿ ಇದ್ದು ರೌಟರಿಗೆ ಇಲ್ಲದಿದ್ದರೆ, ಬೇಕಾದ ಹೊತ್ತಲ್ಲೇ ಬಾಯಿ ಕಟ್ಟಿದಂತೆ. ಇನ್ನು ಸಿಮ್ ಕಾರ್ಡ್. ಅದನ್ನು ಪೆಟ್ಟಿಗೆಯೊಳಗಿನ ಬ್ಯಾಟರಿಯಿಂದಲೇ ನಡೆಸಬಹುದು, ಕೇಬಲ್ ಬೇಡ. ಆದರೆ ರೀಚಾರ್ಜ್ ಮುಗಿದರೆ ಅದೂ ಮೌನ. ಮಳೆಗಾಲದಲ್ಲಿ ಟವರ್ ಕೈಕೊಟ್ಟರೂ ಅಷ್ಟೇ.

ಅದಕ್ಕೆ ‘ನಾನಿದ್ದೇನೆ’ ಎಂಬ ಸಂದೇಶವನ್ನು ಪೆಟ್ಟಿಗೆ ಆಗಾಗ ಕಳಿಸುತ್ತಿರಬೇಕು. ಬರಬೇಕಾದ ಹೊತ್ತಿಗೆ ಬರದಿದ್ದರೆ ಆ ಕಡೆಯವರಿಗೆ ಅನುಮಾನ ಬರುತ್ತದೆ. ದಿನಕ್ಕೊಮ್ಮೆ ಕಳಿಸಿದರೆ ಸಂಪರ್ಕ ಸತ್ತು ಸುಮಾರು 24 ಗಂಟೆಯಾದರೂ ತಿಳಿಯದೇ ಇರಬಹುದು. 5 ನಿಮಿಷಕ್ಕೊಮ್ಮೆ ಕಳಿಸಿದರೆ ಆ ಕತ್ತಲು ಅಷ್ಟೇ ಚಿಕ್ಕದು.

ಚಿಕ್ಕ ಕಟ್ಟಡಕ್ಕೆ ನನ್ನ ಆಯ್ಕೆ ಸಿಮ್, ಜೊತೆಗೆ ಬ್ಯಾಟರಿ ಇರುವ ಬ್ರಾಡ್‌ಬ್ಯಾಂಡ್. ಒಂದೇ ಕಂಬದಿಂದ ಬರುವ ಎರಡು ಕೇಬಲ್ ಹಾಕಿದರೆ ಎರಡು ದಾರಿ ಅನ್ನಿಸಿಕೊಳ್ಳುವುದಿಲ್ಲ, ಮರ ಬಿದ್ದರೆ ಎರಡೂ ಹೋದವು. ಮಾಲೀಕರೊಬ್ಬರ ನಂಬರ್ ಮಾತ್ರ ಕೊಟ್ಟರೂ ಸಾಲದು. ಅವರು ಫೋನ್ ಸೈಲೆಂಟ್‌ಗೆ ಹಾಕಿ ಮಲಗಿದ್ದರೆ? ಸುದ್ದಿ ತಲುಪಿದವರು 101 ಅಥವಾ 112ಕ್ಕೆ ಕರೆ ಮಾಡಬೇಕು.

ಮಾಡಿ ನೋಡಿ: ಮನೆಯಲ್ಲಿ ದೊಡ್ಡವರಿಗೆ ಹೇಳಿ ಮೇನ್ ಸ್ವಿಚ್ ಆರಿಸಿಸಿ. ವೈಫೈ ಉಳಿಯಿತೇ?

ಯೋಚಿಸಿ: ಆ 4700 ಓಮ್ ರೋಧಕವನ್ನು ತಂತಿಯ ಕೊನೆಗೆ ಹಾಕದೆ ಪೆಟ್ಟಿಗೆಯೊಳಗೇ ಇಟ್ಟರೆ, ಇಲಿ ತಂತಿ ಕಡಿದಾಗ ಪ್ರವಾಹ ಎಷ್ಟಿರುತ್ತದೆ? ಚಿತ್ರ ಬರೆದು ಲೆಕ್ಕ ಹಾಕಿ.