ಫ್ರಿಜ್ಜಿನ ಮಂಜು ಕರಗಿಸುವ ಟೈಮರ್: ಪತ್ತೆ ಮತ್ತು ಪರೀಕ್ಷೆ



ಪಂಪ್‌ಸೆಟ್ಟಿನ ಸ್ಟಾರ್ಟರ್ ಕೆಟ್ಟರೆ ಮೋಟಾರನ್ನೇ ಬದಲಿಸುವವರು ನಮ್ಮಲ್ಲಿ ಯಾರೂ ಇಲ್ಲ. ಆದರೆ ಫ್ರಿಜ್ ತಂಪು ಕೊಡದಿದ್ದಾಗ "ಕಂಪ್ರೆಸರ್ ಹೋಗಿದೆ" ಎಂದು ಯಾರಾದರೂ ಹೇಳಿದರೆ ಸಾವಿರಾರು ರೂಪಾಯಿ ತೆರಲು ಒಪ್ಪಿಬಿಡುತ್ತೇವೆ. ದೋಷವಿರುವುದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಟೈಮರಿನಲ್ಲಿಯೂ ಇರಬಹುದು. ರಾಯಚರ್ಲಿನಂಥ ಊರಿನಿಂದ ಫ್ರಿಜ್ಜನ್ನು ಟೆಂಪೋದಲ್ಲಿ ಪೇಟೆಗೆ ಸಾಗಿಸುವ ಮೊದಲು ಇದನ್ನು ನೋಡಿಕೊಳ್ಳುವುದು ಲೇಸು.

ನಷ್ಟ ಬರೀ ಹಾಲು ಮೊಸರಿನದಲ್ಲ. ಮನೆಯಲ್ಲಿ ತಂದಿಟ್ಟ ಇನ್ಸುಲಿನ್, ದನಗಳ ಕಾಲುಬಾಯಿ ಜ್ವರದ ಲಸಿಕೆ, ಇವೆರಡೂ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಬಿಸಿ ತಗುಲಿದ ಔಷಧಿ ನೋಡಲು ಎಂದಿನಂತೆಯೇ ಇದ್ದರೂ ಅದರ ಶಕ್ತಿ ಕುಂದಿರಬಹುದು.

ಟೈಮರಿನ ಕೆಲಸ

ಒಂದೇ ಬಾಗಿಲಿನ ಸಾಮಾನ್ಯ ಫ್ರಿಜ್ಜಿನಲ್ಲಿ ಮಂಜು ಕರಗಿಸಲು ನಾವೇ ಗುಂಡಿ ಒತ್ತುತ್ತೇವೆ. ಅದರಲ್ಲಿ ಟೈಮರ್ ಇರುವುದಿಲ್ಲ. ಈಚಿನ ಇನ್ವರ್ಟರ್ ಫ್ರಿಜ್‌ಗಳಲ್ಲಿ ಆ ಕೆಲಸವನ್ನು ಎಲೆಕ್ಟ್ರಾನಿಕ್ ಬೋರ್ಡ್ ಮಾಡುತ್ತದೆ. ಈ ಪಾಠ ಎರಡು ಬಾಗಿಲಿನ ಹಳೆಯ ಮಾದರಿಯ ಫ್ರಾಸ್ಟ್ ಫ್ರೀ ಫ್ರಿಜ್ಜಿಗೆ ಸಂಬಂಧಿಸಿದ್ದು.

ಟೈಮರ್ ಎಂದರೆ ಕೆರೆಯ ನೀರುಗಂಟಿ ಇದ್ದಂತೆ. ಒಂದು ತೂಬು ಮುಚ್ಚಿ ಇನ್ನೊಂದನ್ನು ತೆರೆಯುತ್ತದೆ. ಸಾಮಾನ್ಯವಾಗಿ 6ರಿಂದ 12 ಗಂಟೆ ಕಾಲ ವಿದ್ಯುತ್ತನ್ನು ಕಂಪ್ರೆಸರಿಗೆ ಬಿಡುತ್ತದೆ. ನಂತರ ಸುಮಾರು ಅರ್ಧ ಗಂಟೆ ಅದನ್ನು ನಿಲ್ಲಿಸಿ, ಫ್ರೀಜರಿನ ಹಿಂಬದಿಯ ಕೊಳವೆಗಳ ಮೇಲಿನ ಮಂಜು ಕರಗಿಸಲು ಹೀಟರಿಗೆ ಬಿಡುತ್ತದೆ. ಕರೆಂಟು ಹೋದರೆ ಟೈಮರೂ ನಿಲ್ಲುತ್ತದೆ, ಬಂದಾಗ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಆದಕಾರಣ ಕರೆಂಟು ಬಂದ ಮೇಲೂ ಅರ್ಧ ಗಂಟೆ ಕಂಪ್ರೆಸರ್ ಸದ್ದು ಮಾಡದಿದ್ದರೆ ಗಾಬರಿಯಾಗಬೇಕಿಲ್ಲ.

ದೋಷದ ಲಕ್ಷಣಗಳು

1. ಮೇಲಿನ ಫ್ರೀಜರ್ ತಂಪಾಗಿದೆ, ಕೆಳಗಿನ ಅರೆ ಬೆಚ್ಚಗಾಗಿದೆ. ಮಂಜು ಗಟ್ಟಿಯಾಗಿ ಗಾಳಿಯ ದಾರಿ ಕಟ್ಟಿಕೊಂಡಿರಬಹುದು.

2. ಒಳಗಿನ ದೀಪ ಉರಿಯುತ್ತದೆ, ಕಂಪ್ರೆಸರ್ ಗಂಟೆಗಟ್ಟಲೆ ಚಾಲೂ ಆಗುವುದಿಲ್ಲ. ಟೈಮರ್ ಹೀಟರಿನ ಕಡೆಯೇ ನಿಂತುಬಿಟ್ಟಿರಬಹುದು.

ಮೊದಲನೆಯ ಲಕ್ಷಣ ಕಂಡರೆ ಪ್ಲಗ್ ಕಿತ್ತು, ಬಾಗಿಲು ತೆರೆದು, ಕೆಳಗೆ ಬಟ್ಟೆ ಹಾಸಿ ಒಂದು ದಿನ ಪೂರ್ತಿ ಬಿಡಿ. ಬಳಿಕ ಕೆಲವು ದಿನ ಸರಿಯಾಗಿ ನಡೆದು ಮತ್ತೆ ಕೆಟ್ಟರೆ ದೋಷ ಮಂಜು ಕರಗಿಸುವ ವ್ಯವಸ್ಥೆಯಲ್ಲಿದೆ. ಕಂಪ್ರೆಸರ್ ಕೆಟ್ಟಿಲ್ಲ ಎಂದು ತಿಳಿಯಬಹುದು. ಮಂಜನ್ನು ಚಾಕುವಿನಿಂದ ಕೆರೆಯಕೂಡದು. ಕೊಳವೆ ತೂತಾದರೆ ಗ್ಯಾಸ್ ಸೋರುತ್ತದೆ. ಆರ್-600ಎ ಎಂದು ಬರೆದಿರುವ ಫ್ರಿಜ್ಜಿನ ಗ್ಯಾಸ್ ಬೆಂಕಿ ಹತ್ತಿಕೊಳ್ಳುವಂಥದು.

ಪತ್ತೆ ಮತ್ತು ಪರೀಕ್ಷೆ

ಟೈಮರನ್ನು ಹಿಂದೆ ಕಂಪ್ರೆಸರಿನ ಬಳಿ, ಮುಂಭಾಗದ ಕೆಳಜಾಲರಿಯ ಹಿಂದೆ, ಅಥವಾ ಒಳಗೆ ತಂಪು ಹೆಚ್ಚು-ಕಡಿಮೆ ಮಾಡುವ ಗುಂಡಿಯ ಮುಚ್ಚಳದೊಳಗೆ ಹುಡುಕಬೇಕು. ನಾಲ್ಕು ವೈರು ಸೇರಿದ, ಸ್ಕ್ರೂಡ್ರೈವರ್ ಇಟ್ಟು ತಿರುಗಿಸುವ ಮೊಳೆಯುಳ್ಳ ಚಿಕ್ಕ ಡಬ್ಬಿಯೇ ಅದು.

ಮೊದಲು ಪ್ಲಗ್ ಕೀಳಬೇಕು. ಮೊಳೆಯನ್ನು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಮಾತ್ರ, 'ಟಕ್' ಎನ್ನುವವರೆಗೆ ನಿಧಾನವಾಗಿ ತಿರುಗಿಸಬೇಕು. ಐದು ನಿಮಿಷ ಬಿಟ್ಟು ಪ್ಲಗ್ ಹಾಕಿ. ಸುಮ್ಮನಿದ್ದ ಕಂಪ್ರೆಸರ್ ಈಗ ಚಾಲೂ ಆದರೆ ಟೈಮರ್ ಹೀಟರಿನ ಕಡೆ ನಿಂತಿತ್ತೆಂದು ಅರ್ಥ. ಮೊಳೆಯ ಸ್ಥಾನಕ್ಕೆ ಪೆನ್ನಿನಿಂದ ಗುರುತು ಹಾಕಿ, ಕಂಪ್ರೆಸರ್ ಕೆಲವು ಗಂಟೆ ಓಡಿದ ಮೇಲೆ ಮತ್ತೆ ನೋಡಿ. ಕದಲಿರದಿದ್ದರೆ ಟೈಮರ್ ಓಡುತ್ತಿಲ್ಲ.

ಆದರೂ ಒಡನೆಯೇ ಹೊಸ ಟೈಮರ್ ಕೊಳ್ಳಬಾರದು. ಅನೇಕ ಫ್ರಿಜ್‌ಗಳಲ್ಲಿ ಟೈಮರಿನ ಮೋಟಾರಿಗೆ ವಿದ್ಯುತ್ ಹೀಟರಿನ ಮೂಲಕವೇ ಸಾಗುತ್ತದೆ. ಹೀಟರ್ ಅಥವಾ ಅದರ ಫ್ಯೂಸ್ ಸುಟ್ಟರೆ ಒಳ್ಳೆಯ ಟೈಮರೂ ನಿಲ್ಲುತ್ತದೆ. ಪ್ಲಗ್ ಕಿತ್ತ ಸ್ಥಿತಿಯಲ್ಲಿ ಇವನ್ನು ಮೀಟರಿನಿಂದ ನೋಡುವಂತೆ ಮೆಕ್ಯಾನಿಕ್‌ಗೆ ಹೇಳಿ. ಹೀಟರಿನ ಜೊತೆಗಿರುವ ಥರ್ಮೋಸ್ಟಾಟ್ ಚಳಿಯಲ್ಲಿ ಮಾತ್ರ ಕೂಡುತ್ತದೆ. ಬೆಚ್ಚಗಿರುವಾಗ ಪರೀಕ್ಷಿಸಿ "ಕೆಟ್ಟಿದೆ" ಎಂದು ಬಿಸಾಡಬಾರದು.

ಹೊಸ ಟೈಮರ್ ತರುವಾಗ ಹಳೆಯದನ್ನು ಜೊತೆಗೆ ಒಯ್ಯಿರಿ. ವೋಲ್ಟೇಜು, ಗಂಟೆ-ನಿಮಿಷದ ಲೆಕ್ಕ, ವೈರಿನ ಕ್ರಮ ಮೂರೂ ಹೊಂದಬೇಕು. ವೈರು ಬಿಚ್ಚುವ ಕೆಲಸವನ್ನು ಮಾತ್ರ ತಿಳಿದವರಿಗೇ ಬಿಡಿ.

ಇನ್ಸುಲಿನ್ ಬಳಸುವ ಮನೆಗಳವರು ಕೆಳಗಿನ ಅರೆಯಲ್ಲಿ ಒಂದು ಸಣ್ಣ ಉಷ್ಣಮಾಪಕ ಇಟ್ಟು ದಿನಕ್ಕೊಮ್ಮೆ ನೋಡಬೇಕೆಂದು ವಿಶೇಷವಾಗಿ ಕೋರುತ್ತೇವೆ. ಅದು 8 ಡಿಗ್ರಿ ದಾಟಿಯೇ ನಿಂತಿದ್ದರೆ ಔಷಧಿಯನ್ನು ಆ ಹೊತ್ತೇ ನೆರೆಮನೆಯ ಫ್ರಿಜ್ಜಿಗೆ ಸೇರಿಸಿ, ಟೈಮರಿನ ವಿಚಾರ ಆಮೇಲೆ ನೋಡಿಕೊಳ್ಳಿ.