ಮದುಮಗಳು ಇನ್ನೂ ಸ್ವಲ್ಪ ಕಾಯಲಿ

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಬಂತು. ಪಂಚಾಯಿತಿ ಲೈಬ್ರರಿಯಿಂದ ತಂದ ಎರಡೂ ಮಕ್ಕಳ ಪುಸ್ತಕ ಬಸ್ಸು ಸಂಸೆಯಿಂದ ಕಳಸ ಮುಟ್ಟುವುದರೊಳಗೆ ಮುಗಿದುಹೋದವು ಅಂತ ಬರೆದಿದ್ದೀಯ. ಅಪ್ಪನ ಕಪಾಟಿನಲ್ಲಿ 'ಮಲೆಗಳಲ್ಲಿ ಮದುಮಗಳು' ಇದೆ, ಅಷ್ಟು ದಪ್ಪದ್ದೇ ಬೇಕು, ಅಮ್ಮ ಮುಟ್ಟಬೇಡ ಅಂತಾಳೆ, ದೊಡ್ಡಮ್ಮ ನೀವೇ ಹೇಳಿ ಅಂತ ಫಿರ್ಯಾದು ಬೇರೆ. ನಿನ್ನ ಹಾಗೆ ಕೇಳುವ ಮಕ್ಕಳು ನಮ್ಮ ಕಡೆ ಇನ್ನೂ ಇದ್ದಾರೆ. ಅದಕ್ಕೇ ಉತ್ತರವನ್ನು ಪತ್ರಿಕೆಗೆ ಬರೆಯುತ್ತಿದ್ದೇನೆ. ನಿನ್ನ ಹೆಸರು ಹಾಕಿಲ್ಲ, ಗಾಬರಿ ಬೇಡ.

ಮಕ್ಕಳ ಪುಸ್ತಕ ಬೇಗ ಮುಗಿದುಹೋಗುತ್ತವೆ ಅನ್ನುವ ನಿನ್ನ ದೂರು ಸರಿಯಾಗಿಯೇ ಇದೆ. ಕನ್ನಡದಲ್ಲಿ ಸಣ್ಣ ಮಕ್ಕಳಿಗೆ ಪದ್ಯ, ಚಿತ್ರದ ಕಥೆ, ದೊಡ್ಡವರ ಜೀವನದ ಕಿರುಹೊತ್ತಿಗೆ ಬೇಕಾದಷ್ಟಿವೆ. ರಾಷ್ಟ್ರೋತ್ಥಾನದ ಭಾರತ-ಭಾರತಿ ಮಾಲೆಯೊಂದರಲ್ಲೇ 500ಕ್ಕೂ ಹೆಚ್ಚು ಪುಟಾಣಿ ಪುಸ್ತಕಗಳು ಬಂದವು. ಅವು ಮುಗಿದರೆ ಮುಂದಿನದು ಒಮ್ಮೆಲೇ ದೊಡ್ಡವರ ಕಾದಂಬರಿ. ಇಂಗ್ಲಿಷಿನಲ್ಲಿ ಹಾಗಲ್ಲ. ಹ್ಯಾರಿ ಪಾಟರ್‌ನ ಏಳು ಪುಸ್ತಕಗಳಲ್ಲಿ ಹುಡುಗನಿಗೆ ವಯಸ್ಸಾಗುತ್ತಾ ಬಂದ ಹಾಗೆ ಪುಸ್ತಕವೂ ಬಹುಮಟ್ಟಿಗೆ ದಪ್ಪವಾಗುತ್ತಾ ಹೋಗುತ್ತದೆ. ಸಿಕ್ಕರೆ ಅದನ್ನೂ ಓದು, ನನ್ನದೇನೂ ತಕರಾರಿಲ್ಲ. ಆದರೆ ಕನ್ನಡದಲ್ಲಿ ನಿನ್ನ ವಯಸ್ಸಿನ ದಪ್ಪ ಪುಸ್ತಕ ಇಲ್ಲವೇ ಇಲ್ಲ ಅನ್ನುವುದು ತಪ್ಪು. ಅವು ಮಕ್ಕಳ ಕಪಾಟಿನಲ್ಲಿ ಇರುವುದಿಲ್ಲ, ಅಷ್ಟೇ. ಶಿಕಾರಿ, ಕಾಡು, ಪ್ರವಾಸ, ವಿಜ್ಞಾನ, ಆತ್ಮಕಥೆ ಅಂತ ಬೇರೆ ಕಡೆ ಜೋಡಿಸಿರುತ್ತಾರೆ. ನೀನು ಹುಡುಕಬೇಕಾದ್ದು ಅಲ್ಲಿ.

ಮೊದಲು ಮದುಮಗಳ ವಿಷಯ ಮುಗಿಸೋಣ. 1967ರಲ್ಲಿ ಬಂದ, ಏಳುನೂರು ಪುಟದ ಆಸುಪಾಸಿನ ಕುವೆಂಪು ಅವರ ಆ ಪುಸ್ತಕ ನಿನ್ನಿಂದ ಓದಿಸಿಕೊಳ್ಳುವುದಿಲ್ಲ ಅಂತ ನಾನು ಹೇಳುವುದಿಲ್ಲ. ಮಾತು ನಿನಗೆ ಅರ್ಥವಾಗುತ್ತದೆ, ಮಳೆ, ಜಿಗಣೆ, ಕಾಡು ಎಲ್ಲ ನಿನ್ನವೇ. ನಾಯಿಗುತ್ತಿ ಮತ್ತು ಅವನ ಹುಲಿಯನ ಬೆನ್ನು ಹತ್ತಿ ನೀನು ಖುಷಿಯಾಗಿ ಓಡುತ್ತೀಯ. ಆದರೆ ಅಲ್ಲಿನ ಗಂಡು ಹೆಣ್ಣುಗಳ ಆಸೆ, ಹೊಟ್ಟೆಕಿಚ್ಚು, ಜಾತಿಯ ಹೆಸರಲ್ಲಿ ನಡೆಯುವ ಕ್ರೌರ್ಯ ಯಾಕೆ ಹಾಗೆ ಅಂತ ಹನ್ನೊಂದು ವರ್ಷಕ್ಕೆ ಹಿಡಿತಕ್ಕೆ ಸಿಗುವುದಿಲ್ಲ. ನಾಯಿಯ ಪುಟ ಓದಿ ಉಳಿದದ್ದನ್ನು ಹಾರಿಸುತ್ತೀಯ. ಆಮೇಲೆ ಇಪ್ಪತ್ತನೇ ವಯಸ್ಸಿನಲ್ಲಿ ಯಾರಾದರೂ ಕೇಳಿದರೆ 'ಓ ಅದಾ, ಓದಿದ್ದೇನೆ' ಅಂತೀಯ, ಮತ್ತೆ ಕೈಗೆತ್ತಿಕೊಳ್ಳುವುದಿಲ್ಲ. ನನಗಿರುವ ಹೆದರಿಕೆ ಇದೊಂದೇ. ಬೇಗ ಓದಿ ನೀನು ಕೆಡುತ್ತೀಯ ಅಂತಲ್ಲ, ಓದಿಯಾಯಿತು ಅಂದುಕೊಂಡು ಅದನ್ನು ಕಳೆದುಕೊಳ್ಳುತ್ತೀಯ ಅಂತ. ಅಮ್ಮನಿಗೂ ಈ ಸಾಲು ಓದಿ ಹೇಳು. 'ಮುಟ್ಟಬೇಡ' ಅನ್ನುವುದಕ್ಕಿಂತ 'ಆಮೇಲೆ' ಅಂದರೆ ಮನೆಯಲ್ಲಿ ಜಗಳ ಕಡಿಮೆ.

ಅಲ್ಲಿಯವರೆಗೆ ಅದೇ ಕುವೆಂಪು ಅವರ 'ಮಲೆನಾಡಿನ ಚಿತ್ರಗಳು' ಓದು. ಕುವೆಂಪು ಹುಟ್ಟಿದ್ದು ನಮ್ಮ ಜಿಲ್ಲೆಯಲ್ಲೇ, ಕೊಪ್ಪದ ಹಿರೇಕೊಡಿಗೆಯಲ್ಲಿ, ಗೊತ್ತಲ್ಲ. ಅಜ್ಜಯ್ಯನ ಅಭ್ಯಂಜನದ ಪ್ರಬಂಧವನ್ನು ನಿನ್ನ ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳು.

ಪುಸ್ತಕದಲ್ಲಿ ಸಾವು, ರಕ್ತ ಇದ್ದರೆ ಮಕ್ಕಳಿಗೆ ಕೊಡಬಾರದು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಜಿಮ್ ಕಾರ್ಬೆಟ್‌ನ ಪುಸ್ತಕವನ್ನು ತೇಜಸ್ವಿ 'ರುದ್ರಪ್ರಯಾಗದ ಭಯಾನಕ ನರಭಕ್ಷಕ' ಅಂತ ಕನ್ನಡಕ್ಕೆ ತಂದಿದ್ದಾರೆ. 1918ರಿಂದ 1926ರವರೆಗೆ ಒಂದೇ ಚಿರತೆ 125 ಜನರನ್ನು ತಿಂದ ನಿಜಕಥೆ. ಒಬ್ಬ ಅನಾಥ ಹುಡುಗ, ನಿನಗಿಂತ ಎರಡು ಮೂರು ವರ್ಷ ದೊಡ್ಡವನು, ನಲವತ್ತು ಮೇಕೆಗಳ ಜೊತೆ ಕೋಣೆಯಲ್ಲಿ ಮಲಗಿರುತ್ತಾನೆ. ಚಿರತೆ ಒಂದು ಮೇಕೆಯನ್ನೂ ಮುಟ್ಟದೆ ಅವನನ್ನೇ ಒಯ್ಯುತ್ತದೆ. ಓದುವಾಗ ಮೈ ಜುಂ ಅನ್ನುತ್ತದೆ, ನಿಜ. ಆದರೆ ಕಾರ್ಬೆಟ್ ಅದನ್ನು ಚಪ್ಪರಿಸಿ ಹೇಳುವುದಿಲ್ಲ, ಆ ಹುಡುಗನ ಬಗ್ಗೆ ಮರುಕದಿಂದ ಹೇಳುತ್ತಾನೆ. ಚಿರತೆಯ ಮೇಲೂ ಅವನಿಗೆ ದ್ವೇಷವಿಲ್ಲ. ಹೆದರಿಕೆ ಹುಟ್ಟಿಸುವ ಪುಸ್ತಕ ಕೆಟ್ಟದ್ದಲ್ಲ ಮಾರಾಯ್ತಿ, ಹಿಂಸೆಯಲ್ಲಿ ರುಚಿ ಹತ್ತಿಸುವುದು ಕೆಟ್ಟದ್ದು. ಕರೆಂಟು ಹೋದ ರಾತ್ರಿ ಮಾತ್ರ ಓದಬೇಡ. ಇದು ಹಿಡಿಸಿದರೆ ಕೆನೆತ್ ಆಂಡರ್ಸನ್‌ನ ಶಿಕಾರಿ ಅನುಭವಗಳನ್ನು ತೇಜಸ್ವಿ ಕನ್ನಡಕ್ಕೆ ತಂದ 'ಕಾಡಿನ ಕಥೆಗಳು' ಇವೆ, 'ಬೆಳ್ಳಂದೂರಿನ ನರಭಕ್ಷಕ'ದಿಂದ ಶುರು ಮಾಡಬಹುದು.

ತೇಜಸ್ವಿ ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡು ಇದನ್ನೆಲ್ಲ ಬರೆದವರು. ಕೊಟ್ಟಿಗೆಹಾರದಲ್ಲಿರುವ ಅವರ ಹೆಸರಿನ ಪ್ರತಿಷ್ಠಾನಕ್ಕೆ ಅಪ್ಪನ ಜೊತೆ ಒಮ್ಮೆ ಹೋಗಿ ಬಾ. ಆದರೆ ಅವರ ಭಾಷೆ ಸಲೀಸು ಅಂತ ಎಲ್ಲ ಪುಸ್ತಕವೂ ಮಕ್ಕಳದ್ದೇ ಅಂದುಕೊಳ್ಳಬೇಡ. ಹಾಗೆ ತಿಳಿದು ಮೇಷ್ಟ್ರುಗಳೇ ಬಹುಮಾನಕ್ಕೆ 'ಚಿದಂಬರ ರಹಸ್ಯ' ಕೊಟ್ಟುಬಿಡುತ್ತಾರೆ. ಅದರಲ್ಲಿ ಕೆಸರೂರಿನ ಏಲಕ್ಕಿ, ಒಂದು ಸಾವಿನ ತನಿಖೆ, ಹುಡುಗಾಟ ಎಲ್ಲ ಇದ್ದರೂ ಒಳಗೆ ಕುದಿಯುವುದು ಜಾತಿ, ಧರ್ಮದ ಜಗಳ. ಅದಕ್ಕೂ 'ಜುಗಾರಿ ಕ್ರಾಸ್'ಗೂ ಹೈಸ್ಕೂಲು ಬರಲಿ. ಈಗ 'ಪರಿಸರದ ಕಥೆ', ಅದಾದ ಮೇಲೆ 'ಕರ್ವಾಲೊ'. ಈ ಕ್ರಮ ಬದಲಿಸಬೇಡ. ಎರಡರಲ್ಲೂ ಕಿವಿ ಅನ್ನುವ ನಾಯಿ ಇದೆ. 'ಪರಿಸರದ ಕಥೆ'ಯಲ್ಲಿ ಅದರ ಪರಿಚಯವಾದರೆ 1980ರ ಆ ಕಾದಂಬರಿಯಲ್ಲಿ ಮಂದಣ್ಣ, ಪ್ಯಾರ, ಎಂಗ್ಟರ ಜೊತೆ ಹಾರುವ ಓತಿ ಹುಡುಕಿಕೊಂಡು ಹೋಗುವಾಗ ನಿನಗೆ ಪುಸ್ತಕ ಉದ್ದ ಅನ್ನಿಸುವುದಿಲ್ಲ. ದಪ್ಪ ಸಾಲದು ಅಂತೀಯೇನೋ. ಎರಡು ಸಲ ಓದು.

ಇನ್ನೊಂದು ನಾ. ಡಿಸೋಜರದು, 'ಮುಳುಗಡೆಯ ಊರಿಗೆ ಬಂದವರು'. 2011ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದದ್ದು. ಶರಾವತಿ ಕಡೆಯ ಮುಳುಗಡೆಯನ್ನು ಜೀವನವಿಡೀ ಬರೆದವರು ಅವರು. ಬೆಂಗಳೂರಿನ ಮಗುವಿಗೆ ಇದನ್ನು ವಿವರಿಸಿ ಹೇಳಬೇಕಾದೀತು. ನಿನಗೆ ಬೇಡ. ಕುದುರೆಮುಖ ಟೌನ್‌ಶಿಪ್‌ನಲ್ಲಿ ಬೀಗ ಹಾಕಿದ ಕ್ವಾರ್ಟರ್ಸಿನ ಸಾಲು ನೀನು ನೋಡಿದ್ದೀಯ. 2005ರ ಡಿಸೆಂಬರ್ 31ಕ್ಕೆ ಗಣಿ ನಿಂತ ಮೇಲೆ ಅಲ್ಲಿದ್ದ ಸಂಸಾರಗಳು ಒಂದೊಂದಾಗಿ ಗಂಟು ಮೂಟೆ ಕಟ್ಟಿದವು. ಶರಾವತಿಯಲ್ಲಿ ಮುಳುಗಿಸಿದ್ದು ಅಣೆಕಟ್ಟು, ಕುದುರೆಮುಖದಲ್ಲಿ ಖಾಲಿ ಮಾಡಿಸಿದ್ದು ಕಾಡು ಉಳಿಸಬೇಕೆಂಬ ಕೋರ್ಟಿನ ಆದೇಶ. ಎರಡೂ ಒಂದೇ ಅಲ್ಲ. ಯಾಕೆ ಒಂದೇ ಅಲ್ಲ ಅಂತ ಓದಿದ ಮೇಲೆ ಅಪ್ಪನ ಹತ್ತಿರ ವಾದ ಮಾಡು. ವಯಸ್ಸಿಗೆ ತಕ್ಕ ಪುಸ್ತಕ ಅನ್ನುವಾಗ ಮಗು ಏನೇನು ಕಣ್ಣಾರೆ ಕಂಡಿದೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು ಅಂತ ನನ್ನ ವಾದ.

ಕಾರಂತರ 'ಬೆಟ್ಟದ ಜೀವ'ವನ್ನು ಬೇಸಿಗೆ ರಜೆಗೆ ಇಟ್ಟುಕೋ. ಕಾಡಿನಲ್ಲಿ ದಾರಿ ತಪ್ಪಿದವನು ಗೋಪಾಲಯ್ಯನ ಮನೆಗೆ ಬರುವಲ್ಲಿಂದ ಅದು ನಿಧಾನ, ತುಂಬಾ ನಿಧಾನ. ಮೊದಲ ಮೂವತ್ತು ಪುಟಕ್ಕೆ ಬೇಜಾರಾದರೆ ಮುಚ್ಚಿಡು, ಮುಂದಿನ ವರ್ಷ ತೆಗಿ. ಅರ್ಧಕ್ಕೆ ಬಿಡುವುದು ಅಪರಾಧವಲ್ಲ. ಕಾರಂತರೇ 1936ರಲ್ಲಿ ಮಕ್ಕಳಿಗಾಗಿ 'ಬಾಲ ಪ್ರಪಂಚ'ದ ಮೂರು ಸಂಪುಟ ತಂದವರು. ಮಕ್ಕಳಿಗೆ ತೆಳ್ಳಗಿನದೇ ಸಾಕು ಅಂತ ಅವರು ಎಣಿಸಲಿಲ್ಲ. ಹಳೆಯ ಲೈಬ್ರರಿಗಳಲ್ಲಿ ಎಲ್ಲಾದರೂ ಕಂಡರೆ ಬಿಡಬೇಡ.

ನಿಮ್ಮ ಪಂಚಾಯಿತಿ ಲೈಬ್ರರಿಯಲ್ಲಿ ಮಕ್ಕಳ ಕಪಾಟು ಮಾತ್ರ ತೋರಿಸಿದರೆ ಒಳಗಿನ ಸಾಲೂ ನೋಡಬೇಕು ಅಂತ ಧೈರ್ಯವಾಗಿ ಕೇಳು. 2020ರ 'ಓದುವ ಬೆಳಕು' ಕಾರ್ಯಕ್ರಮದಿಂದ 6ರಿಂದ 18 ವರ್ಷದವರಿಗೆ ಅಲ್ಲಿ ಸದಸ್ಯತ್ವ ಪುಕ್ಕಟೆ. ನಿನ್ನ ತಮ್ಮನ ಹೆಸರಲ್ಲೂ ಕಾರ್ಡು ಮಾಡಿಸು.

ಒಂದು ಪುಸ್ತಕ ಮುಗಿದ ಕೂಡಲೇ ನನಗೆ ಬರಿ. ಹಿಡಿಸದಿದ್ದರೆ ಎಲ್ಲಿ ಬಿಟ್ಟೆ ಅಂತ ಪುಟದ ನಂಬರ್ ಬರಿ, ಮುಂದಿನದು ಯಾವುದು ಅಂತ ಅದನ್ನು ನೋಡಿ ಹೇಳುತ್ತೇನೆ.

ನಿನ್ನ,
ದೊಡ್ಡಮ್ಮ